ಗಾಡಿಯ ವೇಗವೂ ಬೋಲ್ಟಿನ ಲೆಕ್ಕವೂ
ಇಂಜಿನಿಯರಿಂಗ್ ವಿದ್ಯಾರ್ಥಿಗಳ ತಯಾರಿಕಾ ಸ್ಪರ್ಧೆಗಳ ಕುರಿತು ಒಂದು ವಿವೇಚನೆ

ವರ್ಷಾರಂಭದ ತಿಂಗಳುಗಳಲ್ಲಿ ಮಧ್ಯಪ್ರದೇಶದ ಇಂದೂರಿಗೆ ಸಮೀಪದ ಪೀಥಂಪುರದಲ್ಲಿಯೂ, ಕೊಯಮತ್ತೂರಿನ ಬಳಿಯ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿಯೂ ದೇಶದ ನಾನಾ ಭಾಗಗಳ ಇಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ತಾವೇ ನಿರ್ಮಿಸಿದ ಒಂಟಿ ಆಸನದ ಗಾಡಿಗಳೊಡನೆ ಬಂದು ಸೇರುವುದು ಈಗ ವಾಡಿಕೆಯಾಗಿದೆ. ಪೀಥಂಪುರಕ್ಕೆ ಬರುವವು ಕಲ್ಲುಮುಳ್ಳಿನ ದಾರಿಯಲ್ಲಿ ಓಡಬೇಕಾದ ಗಾಡಿಗಳು. ಕೊಯಮತ್ತೂರಿಗೆ ಬರುವವು ನೆಲಕ್ಕಂಟಿದಂತೆ ಓಡುವ ಪಂದ್ಯದ ಗಾಡಿಗಳು. ಪತ್ರಿಕೆಗಳಲ್ಲಿ ಗೆದ್ದ ತಂಡದ ಚಿತ್ರವೂ ಕಪ್ಪಿನ ಚಿತ್ರವೂ ಪ್ರಕಟವಾಗುತ್ತವೆ. ಅಲ್ಲಿಗೆ ಆ ಸುದ್ದಿ ಮುಗಿಯುತ್ತದೆ.

ಆದರೆ ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದಿಲ್ಲಿಗಳಲ್ಲಿ ನೆಲೆಸಿರುವ ನಮ್ಮವರ ಎಷ್ಟೋ ಮನೆಗಳಲ್ಲಿ ಈ ಸ್ಪರ್ಧೆಯ ಹೆಸರು ಮೊದಲು ಕೇಳಿಬರುವುದು ಕಪ್ಪಿನ ಬಾಬಿನಲ್ಲಲ್ಲ, ಖರ್ಚಿನ ಬಾಬಿನಲ್ಲಿ. ಮಗ ಕಾಲೇಜಿನಿಂದ ರಾತ್ರಿ ಹತ್ತಕ್ಕೆ ಮನೆ ಸೇರುತ್ತಾನೆ. ಅಂಗಿಯ ಮೇಲೆ ಗ್ರೀಸಿನ ಕಲೆ. ಪರೀಕ್ಷೆ ತಿಂಗಳಿಗೆ ಬಂದಿರುವಾಗ ಮಗಳು ಪುಸ್ತಕ ಬಿಟ್ಟು ಕಾರ್ಯಾಗಾರದಲ್ಲಿ ಕೊಳವೆಗಳನ್ನು ಅಳೆಯುತ್ತಿರುತ್ತಾಳೆ. ತಂಡದ ವಂತಿಗೆಯೆಂದು ಇಷ್ಟು, ರೈಲಿನ ಖರ್ಚೆಂದು ಇಷ್ಟು ಎಂಬ ಬೇಡಿಕೆ ಬರುತ್ತದೆ. ಗಲ್ಲಾದ ಮೇಲೆ ಕುಳಿತು, ಭಟ್ಟಿಯ ಮುಂದೆ ನಿಂತು, ಕಚೇರಿಯ ಲೆಡ್ಜರಿನ ಮುಂದೆ ಬಾಗಿ ಸಂಪಾದಿಸಿದ ಹಣದಿಂದ ಕಾಲೇಜಿನ ಶುಲ್ಕ ಕಟ್ಟುತ್ತಿರುವ ತಂದೆಯು ‘ಇದರಿಂದ ಬಂದದ್ದೇನು?’ ಎಂದು ಕೇಳಿದರೆ ಅದನ್ನು ಅಜ್ಞಾನವೆಂದು ತಳ್ಳಿಹಾಕುವಂತಿಲ್ಲ. ಅದು ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರವನ್ನು ಹುಡುಕುವುದೇ ಈ ಲೇಖನದ ಉದ್ದೇಶ.

ಸ್ಪರ್ಧೆಯ ಪೂರ್ವೋತ್ತರ

ಈ ಬಗೆಯ ಸ್ಪರ್ಧೆಗಳ ಮೂಲ ಅಮೆರಿಕೆಯದು. ಅಲ್ಲಿನ ವಾಹನ ಇಂಜಿನಿಯರುಗಳ ಸಂಸ್ಥೆಯಾದ ಎಸ್.ಎ.ಇ.ಯ ಆಶ್ರಯದಲ್ಲಿ 1976ರಲ್ಲಿ ಸೌತ್ ಕ್ಯಾರೊಲಿನಾ ವಿಶ್ವವಿದ್ಯಾಲಯದಲ್ಲಿ ‘ಬಾಹಾ’ ಎಂಬ ಸ್ಪರ್ಧೆ ಆರಂಭವಾಯಿತು. ಕಾಡುಮೇಡಿನ ದಾರಿಯಲ್ಲಿ ಓಡುವ ಸಣ್ಣ ಗಾಡಿಯನ್ನು ವಿದ್ಯಾರ್ಥಿಗಳು ನಿರ್ಮಿಸಬೇಕು. ಎಲ್ಲ ತಂಡಗಳಿಗೂ ಒಂದೇ ಬಗೆಯ ಚಿಕ್ಕ ಇಂಜಿನು. ಬಹಳ ಕಾಲ ಅದು ಕೇವಲ 10 ಅಶ್ವಶಕ್ತಿಯದಾಗಿತ್ತು. 1979ರಲ್ಲಿ ಹ್ಯೂಸ್ಟನ್ ವಿಶ್ವವಿದ್ಯಾಲಯದಲ್ಲಿ ‘ಮಿನಿ ಇಂಡಿ’ ಎಂಬ ಹೆಸರಿನಲ್ಲಿ ಪಂದ್ಯದ ಗಾಡಿಗಳ ಸ್ಪರ್ಧೆಯೊಂದು ನಡೆದು, 1981ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದ ಆಸ್ಟಿನ್ ನಗರದಲ್ಲಿ ಅದು ‘ಫಾರ್ಮುಲಾ ಎಸ್.ಎ.ಇ.’ ಎಂಬ ರೂಪವನ್ನು ತಳೆಯಿತು. 1998ರಲ್ಲಿ ಇಂಗ್ಲೆಂಡಿಗೂ, 2006ರಲ್ಲಿ ಜರ್ಮನಿಯ ಹಾಕೆನ್‌ಹೈಮಿಗೂ ‘ಫಾರ್ಮುಲಾ ಸ್ಟೂಡೆಂಟ್’ ಎಂಬ ಹೆಸರಿನಿಂದ ಅದೇ ಪದ್ಧತಿ ಹಬ್ಬಿತು. ಜರ್ಮನಿಯಲ್ಲಿ 2010ರಿಂದ ವಿದ್ಯುತ್ ಗಾಡಿಗಳಿಗೂ 2017ರಿಂದ ಚಾಲಕನಿಲ್ಲದೆ ಓಡುವ ಗಾಡಿಗಳಿಗೂ ಪ್ರತ್ಯೇಕ ವಿಭಾಗಗಳು ಏರ್ಪಟ್ಟವು.

ನಮ್ಮ ದೇಶದಲ್ಲಿ ‘ಬಾಹಾ’ ಸ್ಪರ್ಧೆಯನ್ನು 2007ರಲ್ಲಿ ಪೀಥಂಪುರದಲ್ಲಿ ಆರಂಭಿಸಲಾಯಿತು. ಅದರ ಬೆನ್ನಿಗೆ ಫಾರ್ಮುಲಾ ಮಾದರಿಯ ಸ್ಪರ್ಧೆಗಳೂ ಬಂದವು. ಮುಂಬಯಿಯ ಪವಾಯಿಯಲ್ಲಿರುವ ಐ.ಐ.ಟಿ., ಮಾಟುಂಗದ ವಿ.ಜೆ.ಟಿ.ಐ., ಪುಣೆಯ ಸಿ.ಓ.ಇ.ಪಿ., ಬೆಂಗಳೂರಿನ ಆರ್.ವಿ. ಕಾಲೇಜು ಮೊದಲಾದ ಸಂಸ್ಥೆಗಳ ತಂಡಗಳು ಇಂಥ ಸ್ಪರ್ಧೆಗಳಲ್ಲಿ ಭಾಗವಹಿಸುತ್ತ ಬಂದಿವೆ. ಪವಾಯಿಯ ವಿದ್ಯಾರ್ಥಿಗಳು ತಮ್ಮ ವಿದ್ಯುತ್ ಗಾಡಿಯನ್ನು ಇಂಗ್ಲೆಂಡಿನ ಸಿಲ್ವರ್‌ಸ್ಟೋನಿನವರೆಗೂ ಕೊಂಡೊಯ್ದಿದ್ದಾರೆ. ಮಾಟುಂಗದ ನಮ್ಮ ಊಟದ ಮನೆಗಳಿಂದ ವಿ.ಜೆ.ಟಿ.ಐ. ಬಹಳ ದೂರವೇನಲ್ಲ, ಆದರೂ ಆ ಆವರಣದ ಕಾರ್ಯಾಗಾರದಲ್ಲಿ ನಡೆಯುತ್ತಿರುವ ಕೆಲಸದ ಸ್ವರೂಪವನ್ನು ನಮ್ಮಲ್ಲಿ ಬಲ್ಲವರು ಕಡಮೆ.

ವೇಗವೊಂದೇ ಸಾಲದು

ಹೊರಗಿನವರ ಕಣ್ಣಿಗೆ ಇದು ಮೋಟಾರು ಪಂದ್ಯ. ಒಳಹೊಕ್ಕು ನೋಡಿದರೆ ಬೇರೆಯೇ ಸಂಗತಿ ಕಾಣುತ್ತದೆ. ಫಾರ್ಮುಲಾ ಎಸ್.ಎ.ಇ. ನಿಯಮಾವಳಿಯಂತೆ ಒಟ್ಟು 1,000 ಅಂಕಗಳು. ಅವುಗಳಲ್ಲಿ ವಿನ್ಯಾಸದ ವಿಚಾರಣೆಗೆ 150, ವೆಚ್ಚ ಹಾಗೂ ತಯಾರಿಕೆಯ ಲೆಕ್ಕಕ್ಕೆ 100, ವ್ಯಾಪಾರದ ಯೋಜನೆಯನ್ನು ಮಂಡಿಸುವುದಕ್ಕೆ 75. ಹೀಗೆ ಗಾಡಿ ಒಂದಂಗುಲವೂ ಕದಲುವ ಮುನ್ನವೇ 325 ಅಂಕಗಳು ನಿರ್ಧಾರವಾಗಿಬಿಡುತ್ತವೆ. ಉಳಿದ 675 ಅಂಕಗಳು ಓಟಕ್ಕೆ ಸಂಬಂಧಿಸಿದವು. 75 ಮೀಟರುಗಳ ನೇರ ಓಟಕ್ಕೆ 100, ಎಂಟರ ಆಕಾರದ ಸುತ್ತಿಗೆ 75, ತಿರುವುಗಳ ದಾರಿಯಲ್ಲಿ ಒಂಟಿಯಾಗಿ ಓಡಿಸುವ ಪರೀಕ್ಷೆಗೆ 125, ಸುಮಾರು 22 ಕಿಲೋಮೀಟರುಗಳ ದೀರ್ಘ ಓಟಕ್ಕೆ 275, ಆ ಓಟದಲ್ಲಿ ಶಕ್ತಿಯನ್ನು ಮಿತವಾಗಿ ಬಳಸಿದ್ದಕ್ಕೆ 100.

ಈ ಹಂಚಿಕೆಯಲ್ಲಿ ಒಂದು ತತ್ತ್ವ ಅಡಗಿದೆ. ಎಲ್ಲರಿಗಿಂತ ವೇಗವಾಗಿ 75 ಮೀಟರು ಓಡಿದ ಗಾಡಿಗೆ ಎಷ್ಟು ಅಂಕವೋ, ತನ್ನ ಪ್ರತಿಯೊಂದು ಭಾಗವನ್ನೂ ಹೇಗೆ ಮಾಡಿದೆ, ಅದಕ್ಕೆ ಎಷ್ಟು ತಗುಲಿತು ಎಂಬುದನ್ನು ತಪ್ಪಿಲ್ಲದೆ ಲೆಕ್ಕವೊಪ್ಪಿಸಿದ ತಂಡಕ್ಕೂ ಅಷ್ಟೇ ಅಂಕ. ದೀರ್ಘ ಓಟವನ್ನು ಕೊನೆಗಾಣಿಸುವುದು ಇವೆರಡಕ್ಕೂ ಮಿಗಿಲು. ನಿಯಮ ರೂಪಿಸಿದವರ ಮನಸ್ಸಿನಲ್ಲಿದ್ದದ್ದು ಪಂದ್ಯದ ವೀರನಲ್ಲ. ಕಾರಖಾನೆಯಲ್ಲಿ ವಿಶ್ವಾಸವಿಟ್ಟು ಕೆಲಸ ಒಪ್ಪಿಸಬಹುದಾದ ಇಂಜಿನಿಯರು.

ಸ್ಪರ್ಧೆಯ ಕಲ್ಪನೆಯೂ ಅದಕ್ಕೆ ಅನುಗುಣವಾಗಿದೆ. ವೃತ್ತಿಪರ ಚಾಲಕನಲ್ಲದ, ವಾರಾಂತ್ಯದಲ್ಲಿ ಹವ್ಯಾಸಕ್ಕಾಗಿ ಓಡಿಸುವ ಗಿರಾಕಿಗೆ ಮಾರಲು ಗಾಡಿಯೊಂದು ಬೇಕೆಂದು ಕಲ್ಪಿತ ಕಂಪೆನಿಯೊಂದು ವಿದ್ಯಾರ್ಥಿಗಳನ್ನು ಕೇಳಿದೆಯೆಂದು ಭಾವಿಸಬೇಕು. ‘ಬಾಹಾ’ದಲ್ಲಿಯಾದರೆ ವರ್ಷಕ್ಕೆ 4,000 ಗಾಡಿಗಳನ್ನು ತಯಾರಿಸುವ ದೃಷ್ಟಿಯಿಂದ ವಿನ್ಯಾಸ ಮಾಡಬೇಕು. ಒಂದನ್ನು ಹೇಗೋ ತಿದ್ದಿ ತೀಡಿ ಓಡಿಸುವುದು ಬೇರೆ. ಅದೇ ಗುಣದ ನಾಲ್ಕು ಸಾವಿರವನ್ನು ಅದೇ ಬೆಲೆಯಲ್ಲಿ ಮಾಡುವುದು ಬೇರೆ. ಮನೆಯಲ್ಲಿ ಹಬ್ಬದ ದಿನ ನಾಲ್ಕು ಮಂದಿಗೆ ರುಚಿಯಾಗಿ ದೋಸೆ ಮಾಡುವುದಕ್ಕೂ, ಬೆಳಿಗ್ಗೆ ಆರರಿಂದ ರಾತ್ರಿಯವರೆಗೆ ಬಂದ ಗಿರಾಕಿಗೆಲ್ಲ ಒಂದೇ ರುಚಿಯ ದೋಸೆಯನ್ನು ಒಂದೇ ಬೆಲೆಗೆ ಕೊಡುವುದಕ್ಕೂ ಇರುವ ಅಂತರವನ್ನು ನಮ್ಮ ಹೋಟೆಲ್ ಬಂಧುಗಳಿಗೆ ವಿವರಿಸಬೇಕಾದ ಅಗತ್ಯವಿಲ್ಲ. ತಯಾರಿಕೆಯೆಂಬ ವಿದ್ಯೆಯ ತಿರುಳು ಆ ಅಂತರದಲ್ಲಿಯೇ ಇದೆ.

ಪುಕ್ಕಟೆ ಬಂದದ್ದಕ್ಕೂ ಬೆಲೆಯುಂಟು

ವೆಚ್ಚದ ಲೆಕ್ಕವನ್ನು ಒಪ್ಪಿಸುವ ಕ್ರಮವು ಗುಮಾಸ್ತ ವೃತ್ತಿಯವರು ಮೆಚ್ಚುವಂಥದು. ಗಾಡಿಯಲ್ಲಿರುವ ಪ್ರತಿಯೊಂದು ಕೊಳವೆ, ಬೋಲ್ಟು, ವಾಷರು, ತಂತಿಗಳನ್ನು ಪಟ್ಟಿ ಮಾಡಬೇಕು. ವಸ್ತುವಿಗೆ ಎಷ್ಟು, ಕತ್ತರಿಸುವುದಕ್ಕೆ ಎಷ್ಟು, ಕೊರೆಯುವುದಕ್ಕೆ ಎಷ್ಟು, ಬೆಸುಗೆಗೆ ಎಷ್ಟು, ಜೋಡಿಸುವುದಕ್ಕೆ ಎಷ್ಟು ಎಂದು ಬೇರೆ ಬೇರೆಯಾಗಿ ತೋರಿಸಬೇಕು. ಕಂಪೆನಿಯೊಂದು ದಾನವಾಗಿ ಕೊಟ್ಟ ಭಾಗವಾದರೂ ಅದಕ್ಕೆ ಸೊನ್ನೆ ಬರೆಯುವಂತಿಲ್ಲ. ನಿಗದಿಯಾದ ದರಪಟ್ಟಿಯಂತೆ ಅದರ ಬೆಲೆಯನ್ನು ಹಿಡಿಯಲೇಬೇಕು. ಊರಿನ ತೋಟದಿಂದ ಕಾಯಿ ಪುಕ್ಕಟೆ ಬಂತೆಂದು ಚಟ್ನಿಯ ಅಸಲಿನಲ್ಲಿ ಕಾಯಿಯ ಬೆಲೆಯನ್ನು ಬಿಟ್ಟ ಹೋಟೆಲಿನವನು ಕಾಯಿ ಮುಗಿದ ತಿಂಗಳು ನಷ್ಟಕ್ಕೆ ಸಿಕ್ಕಿಬೀಳುತ್ತಾನೆ. ಇದೇ ವಿವೇಕವನ್ನು ಸ್ಪರ್ಧೆಯ ನಿಯಮವು ಇಪ್ಪತ್ತು ವಯಸ್ಸಿನ ವಿದ್ಯಾರ್ಥಿಗೆ ಕಲಿಸುತ್ತದೆ.

ಲೆಕ್ಕದ ಪುಸ್ತಕವನ್ನು ಒಪ್ಪಿಸಿದಾಕ್ಷಣ ಕೆಲಸ ಮುಗಿಯದು. ಪರೀಕ್ಷಕರು ಗಾಡಿಯ ಪಕ್ಕದಲ್ಲಿ ನಿಂತು ಒಂದು ಭಾಗವನ್ನು ತೋರಿಸಿ, ‘ಇದನ್ನು ಹೇಗೆ ಮಾಡಿದಿರಿ? ಬೇರೆ ವಿಧಾನವಿರಲಿಲ್ಲವೇ? ಸಾವಿರ ಮಾಡಬೇಕಾದರೆ ಇದೇ ವಿಧಾನವನ್ನು ಅನುಸರಿಸುವಿರಾ?’ ಎಂದು ಕೇಳುತ್ತಾರೆ. ತಾನೇ ಮಾಡಿದವನಿಗೆ ಉತ್ತರ ನಾಲಗೆಯ ತುದಿಯಲ್ಲಿರುತ್ತದೆ. ಮಾಡಿಸಿ ತಂದವನು ತಡವರಿಸುತ್ತಾನೆ.

ತೆರೆಯ ಮೇಲಿನ ಗೆರೆಯೂ ಕಬ್ಬಿಣದ ಸತ್ಯವೂ

ಇಂದು ವಿನ್ಯಾಸದ ಕೆಲಸವೆಲ್ಲ ಗಣಕಯಂತ್ರದ ತೆರೆಯ ಮೇಲೆ ನಡೆಯುತ್ತದೆ. ತೆರೆಯ ಮೇಲೆ ಯಾವ ಆಕಾರವೂ ಸಾಧ್ಯ, ಲೋಹದಲ್ಲಿ ಹಾಗಲ್ಲ. ಚಕ್ರದ ಬೇರಿಂಗನ್ನು ಹಿಡಿದಿರುವ ಅಲ್ಯುಮಿನಿಯಮ್ ತುಂಡೊಂದನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅದರ ಒಳಮೂಲೆಯನ್ನು ಚೂಪಾಗಿ ಬರೆಯುವುದು ತೆರೆಯ ಮೇಲೆ ಸುಲಭ. ಆದರೆ ಮಿಲ್ಲಿಂಗ್ ಯಂತ್ರದ ಕಟ್ಟರು ದುಂಡಗಿರುವುದರಿಂದ ಅದು ಕೊರೆದ ಒಳಮೂಲೆಯೂ ದುಂಡಗೇ ಆಗುತ್ತದೆ. ಕಾರ್ಯಾಗಾರದ ಮೇಸ್ತ್ರಿ ಇದನ್ನು ಮೊದಲ ನೋಟದಲ್ಲಿಯೇ ಹೇಳಬಲ್ಲ. ಪದವಿಯ ಕೊನೆಯ ವರ್ಷದಲ್ಲಿರುವ ವಿದ್ಯಾರ್ಥಿಗೆ ಅದು ತಿಳಿಯದೆ ಹೋಗುವುದುಂಟು. ಇನ್ನು ಬೇರಿಂಗು ಕೂರುವ ರಂಧ್ರವು ತಲೆಗೂದಲಿನ ದಪ್ಪಕ್ಕಿಂತ ಕಡಮೆ ಪ್ರಮಾಣದಲ್ಲಿ ದೊಡ್ಡದಾದರೂ ಬೇರಿಂಗು ಸಡಿಲವಾಗಿ ತಿರುಗತೊಡಗುತ್ತದೆ. ಅಷ್ಟೇ ಚಿಕ್ಕದಾದರೆ ಬಿಗಿದುಕೊಂಡು ಬಿಸಿಯಾಗುತ್ತದೆ.

ಗಾಡಿಯ ಚೌಕಟ್ಟಿನ ಕಥೆಯೂ ಹೀಗೆಯೇ. ಉಕ್ಕಿನ ಕೊಳವೆಗಳ ತುದಿಯನ್ನು ಮೀನಿನ ಬಾಯಿಯಂತೆ ಕತ್ತರಿಸಿ ಒಂದಕ್ಕೊಂದು ಕೂಡಿಸಿ ಬೆಸೆಯಬೇಕು. ಬೆಸುಗೆಯ ಕಾವಿಗೆ ಕೊಳವೆ ಸೆಳೆದುಕೊಂಡು ವಕ್ರವಾಗುತ್ತದೆ. ಅದನ್ನು ತಡೆಯಲು ಎಲ್ಲವನ್ನೂ ಬಿಗಿದು ಹಿಡಿಯುವ ‘ಜಿಗ್’ ಎಂಬ ಸಾಧನವನ್ನು ಮೊದಲು ಮಾಡಿಕೊಳ್ಳಬೇಕು; ಯಾವ ಸಂಧಿಯನ್ನು ಮೊದಲು ಬೆಸೆಯಬೇಕು, ಯಾವುದನ್ನು ಆಮೇಲೆ ಎಂಬ ಕ್ರಮವನ್ನು ಪಾಲಿಸಬೇಕು. ಅವಸರಪಟ್ಟ ತಂಡದ ಚೌಕಟ್ಟಿನಲ್ಲಿ ಚಕ್ರವನ್ನು ಜೋಡಿಸುವ ಬಿಂದುಗಳು ಕೆಲವು ಮಿಲಿಮೀಟರು ಸರಿದುಹೋಗಿ, ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತದೆ. ಆಗ ಪುಸ್ತಕದ ಯಾವ ಸೂತ್ರವೂ ನೆರವಿಗೆ ಬಾರದು. ಕತ್ತರಿಸಿ ಪುನಃ ಬೆಸೆಯಬೇಕು.

ಇಷ್ಟಾದ ಮೇಲೆ ತಪಾಸಣೆ. ಅಪಾಯದ ಸಮಯದಲ್ಲಿ ಚಾಲಕನು 5 ಸೆಕೆಂಡುಗಳಲ್ಲಿ ಗಾಡಿಯಿಂದ ಹೊರಬರಬೇಕು. ಗಾಡಿಯನ್ನು 60 ಡಿಗ್ರಿಗಳಷ್ಟು ವಾಲಿಸಿದರೂ ಅದು ಮಗುಚಬಾರದು. ಬ್ರೇಕನ್ನು ತುಳಿದರೆ ನಾಲ್ಕು ಚಕ್ರಗಳೂ ಒಟ್ಟಿಗೆ ನಿಲ್ಲಬೇಕು. ಮುಖ್ಯವಾದ ಬೋಲ್ಟುಗಳು ಅದುರಿಕೆಗೆ ಸಡಿಲವಾಗದಂತೆ ಬಂಧಿಸಲ್ಪಟ್ಟಿರಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಓಟಕ್ಕೆ ಅನುಮತಿಯಿಲ್ಲ. ವರ್ಷವಿಡೀ ದುಡಿದು, ದೂರದ ಊರಿಂದ ಲಾರಿಯಲ್ಲಿ ಹೇರಿಕೊಂಡು ಬಂದ ಗಾಡಿಯನ್ನು ತಳ್ಳಿಕೊಂಡೇ ಮರಳುವ ತಂಡಗಳೂ ಇರುತ್ತವೆ.

ತಪಾಸಣೆಯಲ್ಲಿ ಗೆದ್ದವರಿಗೂ ದೀರ್ಘ ಓಟವೇ ಅಗ್ನಿಪರೀಕ್ಷೆ. ನಡುವೆ ಚಾಲಕನನ್ನು ಬದಲಿಸಬೇಕು. ನಿಂತ ಗಾಡಿ ಮತ್ತೆ ಹೊರಡಬೇಕು. ಬಿಸಿಯಾದ ಇಂಜಿನು ಆ ಕ್ಷಣದಲ್ಲಿ ಮೊಂಡು ಹಿಡಿಯುತ್ತದೆ. ಉಜ್ಜಿ ಸವೆದ ಒಂದು ತಂತಿ, ಸೋರುವ ಒಂದು ರಬ್ಬರು ಕೊಳವೆ, ಸಡಿಲಗೊಂಡ ಒಂದು ತಿರುಪು ಇಡೀ ತಂಡದ ಶ್ರಮವನ್ನು ದಾರಿಯಲ್ಲಿಯೇ ನಿಲ್ಲಿಸಬಲ್ಲುದು. ಕೀಳಾದ ಕೆಲಸ, ಮೇಲಾದ ಕೆಲಸ ಎಂಬ ಭೇದ ಯಂತ್ರಕ್ಕೆ ತಿಳಿಯದು. ನಟ್ಟು ಬಿಗಿದ ಹುಡುಗನ ಎಚ್ಚರವೂ ವಿನ್ಯಾಸ ಮಾಡಿದವನ ಜಾಣ್ಮೆಯೂ ಅಲ್ಲಿ ಸಮಾನ ತೂಕದವು.

ನಾಡಿಗೆ ಇದರಿಂದೇನು?

ಇಷ್ಟು ಶ್ರಮವನ್ನು ಪಂದ್ಯದ ಗಾಡಿಗೆ ಸುರಿಯುವುದಕ್ಕಿಂತ ಪಂಪಿಗೋ ಬೇಸಾಯದ ಉಪಕರಣಕ್ಕೋ ಸುರಿಯಬಾರದೇ ಎಂಬ ಆಕ್ಷೇಪಣೆಯುಂಟು. ಅದರಲ್ಲಿ ಹುರುಳಿಲ್ಲದಿಲ್ಲ. ‘ಬಾಹಾ’ವನ್ನು ನಡೆಸುವ ಎಸ್.ಎ.ಇ. ಇಂಡಿಯಾ ಸಂಸ್ಥೆಯೇ ‘ತಿಫಣ’ ಎಂಬ ಹೆಸರಿನಲ್ಲಿ ಕೃಷಿಯಂತ್ರಗಳ ಸ್ಪರ್ಧೆಯನ್ನೂ ಏರ್ಪಡಿಸಿ, ತರಕಾರಿ ಸಸಿಗಳನ್ನು ನೆಡುವ ಯಂತ್ರದಂಥವುಗಳನ್ನು ವಿದ್ಯಾರ್ಥಿಗಳಿಂದ ಮಾಡಿಸಿದೆ. ಮರಾಠಿಯ ತಿಫಣವೆಂದರೆ ನಮ್ಮ ಬಿತ್ತನೆಯ ಕೂರಿಗೆ. ಇಂಥ ಸ್ಪರ್ಧೆಗಳಿಗೆ ಪತ್ರಿಕೆಗಳಲ್ಲಿ ಪಂದ್ಯದ ಗಾಡಿಗಳಷ್ಟು ಪ್ರಚಾರ ಸಿಕ್ಕದಿರುವುದು ವಿಷಾದಕರ. ಆದರೂ ಒಂದು ಮಾತು ನಿಜ: ಬೇರಿಂಗಿನ ರಂಧ್ರವನ್ನು ಸರಿಯಾಗಿ ಕೊರೆಯಲು ಕಲಿತವನ ಕೈ ಪಂಪಿಗೂ ಒದಗುತ್ತದೆ, ಕೂರಿಗೆಗೂ ಒದಗುತ್ತದೆ.

ಇದಕ್ಕಿಂತ ಗಂಭೀರವಾದ ವಿಷಯ ನಮ್ಮ ಇಂಜಿನಿಯರಿಂಗ್ ಶಿಕ್ಷಣದ್ದು. ಮೊದಲ ವರ್ಷದಲ್ಲಿ ಅರವನ್ನು ಹಿಡಿದು ಕಬ್ಬಿಣದ ತುಂಡೊಂದನ್ನು ಉಜ್ಜಿದ ಶಾಸ್ತ್ರ ಮುಗಿದ ಮೇಲೆ, ನಮ್ಮ ಅನೇಕ ಕಾಲೇಜುಗಳಲ್ಲಿ ವಿದ್ಯಾರ್ಥಿಯು ಪದವಿ ಪಡೆಯುವವರೆಗೂ ಯಂತ್ರವನ್ನು ಮುಟ್ಟುವ ಪ್ರಸಂಗವೇ ವಿರಳ. ಕೊನೆಯ ವರ್ಷದ ಯೋಜನೆಯನ್ನು ಅಂಗಡಿಯಿಂದ ಹಣ ಕೊಟ್ಟು ತಂದು ಒಪ್ಪಿಸುವ ಪಿಡುಗೂ ಎಲ್ಲರಿಗೂ ತಿಳಿದದ್ದೇ. 2014ರ ಸೆಪ್ಟೆಂಬರಿನಲ್ಲಿ ‘ಮೇಕ್ ಇನ್ ಇಂಡಿಯಾ’ ಯೋಜನೆಯನ್ನು ಸಾರಿದಾಗ ದೇಶದ ಉತ್ಪನ್ನದಲ್ಲಿ ತಯಾರಿಕೆಯ ಪಾಲನ್ನು ಶೇಕಡಾ 25ಕ್ಕೆ ಏರಿಸುವ ಗುರಿಯನ್ನು ಇರಿಸಿಕೊಳ್ಳಲಾಗಿತ್ತು. ಆ ಪಾಲು ಇಂದಿಗೂ ಗುರಿಯಿಂದ ಬಹಳ ಕೆಳಗೆ ಉಳಿದಿದೆ. ಇದಕ್ಕೆ ಬಂಡವಾಳ, ವಿದ್ಯುತ್ತು, ಸಾರಿಗೆ, ತೆರಿಗೆಗಳೆಂಬ ಕಾರಣಗಳು ಹಲವುಂಟು. ಆದರೆ ಮಾಡುವ ಕೈಗೂ ಯೋಚಿಸುವ ತಲೆಗೂ ನಡುವೆ ನಮ್ಮ ಶಿಕ್ಷಣವು ಎಬ್ಬಿಸಿರುವ ಗೋಡೆಯನ್ನೂ ಆ ಕಾರಣಗಳ ಪಟ್ಟಿಯಿಂದ ಬಿಡುವಂತಿಲ್ಲ. ಈ ಸ್ಪರ್ಧೆಗಳು ಆ ಗೋಡೆಯಲ್ಲಿ ಒಂದು ಬಾಗಿಲನ್ನು ತೆರೆಯುತ್ತವೆ. ಅವುಗಳ ನಿಜವಾದ ಬೆಲೆ ಇಷ್ಟೇ, ಮತ್ತು ಇದು ಕಡಮೆಯ ಬೆಲೆಯಲ್ಲ.

ಹಣವೆಂಬ ಅಡ್ಡಗೋಡೆ

ಆದರೆ ಆ ಬಾಗಿಲಿನಲ್ಲಿ ಯಾರು ಒಳಹೋಗುತ್ತಾರೆ? ಇಲ್ಲಿ ನಮಗೆ ಸಂಬಂಧಿಸಿದ ಪ್ರಶ್ನೆ ಏಳುತ್ತದೆ. ಒಂದು ಫಾರ್ಮುಲಾ ಗಾಡಿಯನ್ನು ಸಿದ್ಧಪಡಿಸಲು ಲಕ್ಷಗಟ್ಟಲೆ ರೂಪಾಯಿ ಬೇಕು. ಇಂಜಿನು, ಟಾಯರು, ಉಕ್ಕಿನ ಕೊಳವೆಗಳು, ಪ್ರವೇಶ ಶುಲ್ಕ, ಸಾಗಣೆ, ಇಪ್ಪತ್ತು ಮೂವತ್ತು ಮಂದಿಯ ಪ್ರಯಾಣ, ವಸತಿ ಎಲ್ಲವೂ ಖರ್ಚಿನ ಬಾಬುಗಳೇ. ಹೆಸರಾಂತ ಸಂಸ್ಥೆಗಳಿಗೆ ಕಂಪೆನಿಗಳ ನೆರವು ತಾನಾಗಿ ಒದಗುತ್ತದೆ. ಹಳೆಯ ವಿದ್ಯಾರ್ಥಿಗಳೂ ಕೊಡುತ್ತಾರೆ. ಸಾಧಾರಣ ಕಾಲೇಜಿನಲ್ಲಿ ಈ ಭಾರ ವಿದ್ಯಾರ್ಥಿಗಳ ಮೇಲೆ, ಎಂದರೆ ಅವರ ತಾಯಿತಂದೆಗಳ ಮೇಲೆ ಬೀಳುತ್ತದೆ. ವಂತಿಗೆ ಕೊಡಲಾರದ ಹುಡುಗನು ಕಾರಣ ಹೇಳದೆ ತಂಡದಿಂದ ಹಿಂದೆ ಸರಿಯುತ್ತಾನೆ. ಅವನ ಕೈಯಲ್ಲಿ ಉಳಿದವರಿಗಿಂತ ಹೆಚ್ಚು ಚಾಕಚಕ್ಯವಿದ್ದಿರಬಹುದು. ಚಿಕ್ಕಂದಿನಿಂದ ತಂದೆಯ ಗ್ರೈಂಡರನ್ನು ತಾನೇ ಬಿಚ್ಚಿ ಜೋಡಿಸಿದವನಿದ್ದಿರಬಹುದು. ತಂಡಕ್ಕೆ ಅಂಥವನ ನಷ್ಟ. ಅವನಿಗೆ ಅವಕಾಶದ ನಷ್ಟ.

ಹಣದಿಂದ ಇನ್ನೊಂದು ಕೇಡೂ ಉಂಟು. ಗಾಡಿಯ ಕಲ್ಪನೆ, ವಿನ್ಯಾಸ, ತಯಾರಿಕೆಗಳೆಲ್ಲ ವಿದ್ಯಾರ್ಥಿಗಳವೇ ಆಗಿರಬೇಕು, ವೃತ್ತಿಪರರು ನೇರವಾಗಿ ಕೈಹಾಕಬಾರದು, ಸಾಧ್ಯವಿದ್ದಷ್ಟು ಕೆಲಸವನ್ನು ವಿದ್ಯಾರ್ಥಿಗಳೇ ಮಾಡಬೇಕು ಎಂಬುದು ಸ್ಪರ್ಧೆಯ ನಿಯಮ. ಕೈತುಂಬ ಹಣವಿರುವ ತಂಡವು ಭಾಗಗಳನ್ನು ಹೊರಗಿನ ಕಾರಖಾನೆಯಲ್ಲಿ ಮಾಡಿಸಿ, ಬಣ್ಣ ಬಳಿದು, ಚೀಟಿ ಅಂಟಿಸಿ ತಂದರೆ ನಿಯಮದ ಅಕ್ಷರ ಉಳಿದೀತು, ಜೀವ ಉಳಿಯದು. ತಂಡದಲ್ಲಿ ಮೂವತ್ತು ಹೆಸರುಗಳಿದ್ದು, ದುಡಿದವರು ಎಂಟೇ ಮಂದಿಯಾಗಿ, ಪ್ರಮಾಣಪತ್ರ ಮಾತ್ರ ಎಲ್ಲರಿಗೂ ಸಿಗುವುದೂ ಅಂಥದೇ ಇನ್ನೊಂದು ರೋಗ. ಹುಡುಗಿಯರನ್ನು ಕಾಗದಪತ್ರದ ಕೆಲಸಕ್ಕೆ ಮೀಸಲಿಟ್ಟು ಕಾರ್ಯಾಗಾರದಿಂದ ದೂರವಿಡುವ ರೂಢಿ ಎಲ್ಲಿಯಾದರೂ ಇದ್ದರೆ ಅದೂ ಖಂಡನೀಯ. ಬೆಸುಗೆಯ ಕೊಳ್ಳಿಗೆ ಗಂಡುಹೆಣ್ಣೆಂಬ ಭೇದವಿಲ್ಲ.

ಇದಕ್ಕೆ ಪರಿಹಾರ ಕಾಲೇಜುಗಳ ಕೈಯಲ್ಲಿದೆ. ಈಗಾಗಲೇ ಶುಲ್ಕದ ರೂಪದಲ್ಲಿ ಪಡೆದ ಹಣದಿಂದ ತಂಡದ ಮೂಲವೆಚ್ಚವನ್ನು ಸಂಸ್ಥೆಯೇ ಭರಿಸಬೇಕು. ವಂತಿಗೆಯನ್ನು ತಂಡಕ್ಕೆ ಸೇರುವ ಷರತ್ತನ್ನಾಗಿ ಮಾಡಬಾರದು. ಕಾರ್ಯಾಗಾರವನ್ನು ಐದು ಗಂಟೆಗೆ ಬೀಗ ಹಾಕದೆ ಸಂಜೆಯ ವೇಳೆಯಲ್ಲಿಯೂ ತೆರೆದಿಟ್ಟು, ಅನುಭವಸ್ಥನಾದ ಮೇಸ್ತ್ರಿಯೊಬ್ಬನನ್ನು ಅಲ್ಲಿ ನೇಮಿಸಬೇಕು. ವರ್ಷವಿಡೀ ಮಾಡಿದ ಈ ಕೆಲಸವನ್ನು ಪರೀಕ್ಷೆಯ ಅಂಕಗಳಲ್ಲಿಯೂ ಪರಿಗಣಿಸಬೇಕು. ಇವುಗಳಲ್ಲಿ ಯಾವುದೂ ಅಸಾಧ್ಯವಾದದ್ದಲ್ಲ.

ನಮ್ಮ ಪಾಲಿನ ಕರ್ತವ್ಯ

ಕೆಲಸವನ್ನು ಕಾಲೇಜುಗಳಿಗೆ ಬಿಟ್ಟು ನಾವು ಕೈಕಟ್ಟಿ ಕುಳಿತುಕೊಳ್ಳಬೇಕಾಗಿಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರನ್ನು ಹೇಳಿ ಪ್ರತಿವರ್ಷ ಸೆಪ್ಟೆಂಬರ್ 15ರಂದು ಇಂಜಿನಿಯರುಗಳ ದಿನವನ್ನು ಆಚರಿಸುತ್ತೇವೆ. ಚಿಕ್ಕ ವಯಸ್ಸಿನಲ್ಲಿಯೇ ತಂದೆಯನ್ನು ಕಳೆದುಕೊಂಡು, ಮಕ್ಕಳಿಗೆ ಮನೆಪಾಠ ಹೇಳಿ ಬೆಂಗಳೂರಿನಲ್ಲಿ ಓದಿ 1881ರಲ್ಲಿ ಬಿ.ಎ. ಮುಗಿಸಿದ ಅವರು ಮೈಸೂರು ಸರಕಾರದ ವಿದ್ಯಾರ್ಥಿವೇತನದ ಬಲದಿಂದ ಪುಣೆಯ ಕಾಲೇಜ್ ಆಫ್ ಸಾಯನ್ಸಿಗೆ ಹೋದರು. 1883ರಲ್ಲಿ ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲಿಗರಾದರು. 1884ರಲ್ಲಿ ಮುಂಬಯಿ ಸರಕಾರದ ಲೋಕೋಪಯೋಗಿ ಇಲಾಖೆಯನ್ನು ಸೇರಿದರು. ಅವರು ರೂಪಿಸಿದ ಸ್ವಯಂಚಾಲಿತ ಬಾಗಿಲುಗಳನ್ನು 1903ರಲ್ಲಿ ಪುಣೆಯ ಬಳಿಯ ಖಡಕವಾಸ್ಲಾ ಜಲಾಶಯಕ್ಕೆ ಅಳವಡಿಸಲಾಯಿತು. ಅವರು ಕಲಿತ ಆ ಸಂಸ್ಥೆಯೇ ಇಂದಿನ ಸಿ.ಓ.ಇ.ಪಿ. ಆ ವಿದ್ಯಾರ್ಥಿವೇತನ ಆ ಬಡ ಹುಡುಗನ ಕೈಸೇರದೆ ಇದ್ದಿದ್ದರೆ ಎಂಬುದನ್ನು ಯೋಚಿಸಿ ನೋಡಬೇಕು.

ಹಗಲು ಹೋಟೆಲಿನಲ್ಲಿ ದುಡಿದು ಸಂಜೆ ಕನ್ನಡ ರಾತ್ರಿಶಾಲೆಯಲ್ಲಿ ಓದಿ ಮುಂದೆ ಬಂದ ಹಿರಿಯರು ಮುಂಬಯಿಯಲ್ಲಿ ನಮ್ಮವರಲ್ಲಿ ಹಲವರಿದ್ದಾರೆ. ಆ ಶಾಲೆಗಳನ್ನು ಕಟ್ಟಿದವರು ಕೋಟ್ಯಧೀಶರಾಗಿರಲಿಲ್ಲ. ತಿಂಗಳ ಸಂಬಳದಲ್ಲಿ ಉಳಿಸಿ ಕೊಟ್ಟವರ ಕಾಣಿಕೆಯೂ ಅವುಗಳಲ್ಲಿ ಸೇರಿತ್ತು. ನಮ್ಮ ಕನ್ನಡ ಸಂಘಗಳೂ ಜಾತೀಯ ಸಂಸ್ಥೆಗಳೂ ಇಂದಿಗೂ ಪ್ರತಿಭಾ ಪುರಸ್ಕಾರವೆಂದು ಹೆಚ್ಚು ಅಂಕ ಪಡೆದವರಿಗೆ ಶಾಲು ಹೊದಿಸಿ ಹಣದ ಲಕೋಟೆ ಕೊಡುತ್ತವೆ. ಅದು ಒಳ್ಳೆಯದೇ. ಅದರ ಜೊತೆಗೆ, ಕೈಯಿಂದ ಏನನ್ನಾದರೂ ನಿರ್ಮಿಸುವ ತಂಡದಲ್ಲಿ ದುಡಿಯುತ್ತಿರುವ, ವಂತಿಗೆ ಕಟ್ಟಲಾರದ ಒಬ್ಬಿಬ್ಬರು ವಿದ್ಯಾರ್ಥಿಗಳ ಖರ್ಚನ್ನು ವಹಿಸಿಕೊಳ್ಳುವ ಸಂಪ್ರದಾಯವನ್ನು ಅವು ಆರಂಭಿಸಬಾರದೇಕೆ? ಒಂದು ಸಮಾರಂಭದ ಹಾರತುರಾಯಿಗಳ ಖರ್ಚು ಒಬ್ಬ ಹುಡುಗನ ಪ್ರಯಾಣಕ್ಕೆ ಸಾಕಾದೀತು.

ಇನ್ನು ತಾಯಿತಂದೆಗಳ ವಿಷಯ. ಮಗನೋ ಮಗಳೋ ಸ್ಪರ್ಧೆಯ ಹೆಸರಿನಲ್ಲಿ ಹಣ ಕೇಳಿದಾಗ ಕಣ್ಣುಮುಚ್ಚಿ ಕೊಡುವುದೂ ಬೇಡ, ಕೇಳಿದಾಕ್ಷಣ ಗದರಿಸುವುದೂ ಬೇಡ. ಕೆಲವು ಪ್ರಶ್ನೆಗಳನ್ನು ಕೇಳೋಣ. ಗಾಡಿಯಲ್ಲಿ ನೀನು ಮಾಡಿದ ಭಾಗ ಯಾವುದು? ಅದನ್ನು ನಿನ್ನ ಕೈಯಾರೆ ಮಾಡಿದೆಯೋ, ಹೊರಗೆ ಮಾಡಿಸಿದೆಯೋ? ಅದಕ್ಕೆ ತಗುಲಿದ್ದೆಷ್ಟು, ಅದರಲ್ಲಿ ಹಾಳಾದ ಸಾಮಾನೆಷ್ಟು? ಮೊದಲ ಸಲ ಕೆಟ್ಟುಹೋದಾಗ ಕಾರಣವೇನೆಂದು ಕಂಡುಕೊಂಡೆ? ಇವುಗಳನ್ನು ಕೇಳಲು ಇಂಜಿನಿಯರಿಂಗ್ ಪದವಿ ಬೇಕಾಗಿಲ್ಲ. ಅಡಿಗೆಮನೆಯ ಉಸ್ತುವಾರಿ ನೋಡುವವರೂ ಕಚೇರಿಯಲ್ಲಿ ವೌಚರು ತಪಾಸಿಸುವವರೂ ದಿನಬೆಳಗಾದರೆ ಕೇಳುವ ಪ್ರಶ್ನೆಗಳೇ ಇವು. ಸ್ಪರ್ಧೆಯ ಪರೀಕ್ಷಕರು ಕೇಳುವುದೂ ಇವನ್ನೇ.

ಮಕ್ಕಳಿಂದ ಸ್ಪಷ್ಟವಾದ ಉತ್ತರ ಬಂದರೆ, ಹಣ ಸಾರ್ಥಕವಾಯಿತೆಂದೇ ತಿಳಿಯಬೇಕು. ಗಾಡಿ ಗೆಲ್ಲಲಿ, ನಡುದಾರಿಯಲ್ಲಿ ನಿಲ್ಲಲಿ. ಉತ್ತರ ಬಾರದಿದ್ದರೆ, ಕಪ್ಪು ಮನೆಗೆ ಬಂದರೂ ಅದು ಕೊಂಡು ತಂದ ಪಾತ್ರೆಯಷ್ಟೆ. ತಂಡಗಳು ಪ್ರತಿವರ್ಷ ಹೊಸಬರನ್ನು ಸೇರಿಸಿಕೊಳ್ಳುತ್ತವೆ. ಈ ವರ್ಷ ಕಾಲೇಜಿಗೆ ಕಾಲಿರಿಸುತ್ತಿರುವ ನಮ್ಮ ಮಕ್ಕಳಲ್ಲಿ ಕೈಚಳಕವುಳ್ಳವರು ವಂತಿಗೆಯ ಅಂಜಿಕೆಯಿಂದ ಆ ಬಾಗಿಲಿನಿಂದ ಹಿಂದಿರುಗದಂತೆ ನೋಡಿಕೊಳ್ಳುವುದು ಅವರ ಕಾಲೇಜಿನ ಹೊಣೆಯಷ್ಟೇ ನಮ್ಮ ಸಂಘಗಳ ಹೊಣೆಯೂ ಆಗಿದೆ.